ಆರು ವರ್ಷ ಹೆಚ್ಚಿನ ವಯಸ್ಸು

ತಿಂಗಳ ಮೊದಲ ಭಾನುವಾರ ನಾವು ಮೂವರು ಮುದುಕರು ಜಪಾನಿನ ಕೋಬೆ ಊರಿನ ಒಂದು ಕಾಫಿ ಅಂಗಡಿಯಲ್ಲಿ ಸೇರಿ, ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ನಮ್ಮ ನಮ್ಮ ಚಿನ್ನದ ಸ್ವಿಸ್ ವಾಚುಗಳನ್ನು ಬಿಚ್ಚಿಡುತ್ತಿದ್ದೆವು. ಮಿನೋಬೆ ಹಲ್ಲಿನ ಡಾಕ್ಟರು, ಹಮಾಜಿ ಹಡಗು ಕಂಪನಿಯಿಂದ ನಿವೃತ್ತನಾದವನು, ನಾನು ಶರ್ಟು ಹೊಲಿಯುವ ನಿಶಿವಾಕಿ. ಯಾರೇ ಹೊಸ ವಾಚು ತಂದರೂ ಮೊದಲು ನೋಡುವ, ಬೆಲೆ ಕೇಳುವ ಹಕ್ಕು ಹಿರಿಯನದು. ಅದು ಗೊತ್ತಾದ ದಿನವೇ ನನ್ನ ವಯಸ್ಸಿಗೆ ಆರು ವರ್ಷ ಸೇರಿಸಿ ಹೇಳಿಬಿಟ್ಟೆ. ತಲೆ ಆಗಲೇ ಬೋಳಾಗಿತ್ತು, ಯಾರೂ ಅನುಮಾನಪಡಲಿಲ್ಲ. ಹದಿನೆಂಟು ವರ್ಷ ಒಳ್ಳೊಳ್ಳೆಯ ವಾಚುಗಳೆಲ್ಲ ನನಗೇ ದಕ್ಕಿದವು. ನಾಚಿಕೆಯೇನೂ ಆಗಲಿಲ್ಲ.

ಮಿನೋಬೆಯ ಒಂದು ವಾಚು ಮಾತ್ರ ದಕ್ಕಲಿಲ್ಲ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಮಾಡಿದ್ದು, ಎರಡು ನಾಣ್ಯ ಜೋಡಿಸಿದಷ್ಟೇ ದಪ್ಪ. ಒಮ್ಮೆಯೂ ಪಾಲಿಶ್ ಕಾಣದ ಕಾರಣ ಅಂಚುಗಳು ಚೂಪಾಗಿದ್ದವು, ಚಿನ್ನದ ಶುದ್ಧತೆ ಹೇಳುವ ಪುಟ್ಟ ಮುದ್ರೆ ಇನ್ನೂ ಓದಲು ಬರುತ್ತಿತ್ತು. ಎಷ್ಟು ಕೇಳಿದರೂ ಅವನು ಮಾರಲಿಲ್ಲ.

ಈ ಚಳಿಗಾಲ ಮಿನೋಬೆ ತೀರಿಕೊಂಡ. ಬಿಕ್ಕಿ ಬಿಕ್ಕಿ ಅತ್ತೆ. ಅಳುವಾಗಲೂ ವಾಚು ನೆನಪಾಯಿತು.

ನಲವತ್ತೊಂಬತ್ತನೇ ದಿನದ ಪೂಜೆ ಮುಗಿಸಿ ಅವನ ಹೆಂಡತಿ ಕಿಯೋಎ ಅವನ ವಸ್ತುಗಳನ್ನು ಹಂಚಲು ಕುಳಿತರು. ನಮ್ಮ ಕಡೆ ಸತ್ತವರ ವಸ್ತು ಅವರಿಗಿಂತ ಕಿರಿಯರಿಗೆ ಹೋಗಬೇಕು, ಹಿರಿಯರಿಗೆ ಕೊಟ್ಟರೆ ಅವಮಾನ. ಆಕೆ ನಮ್ಮಿಬ್ಬರಿಗೂ ತಲೆಬಾಗಿ, ನೀವು ಹಿರಿಯರು, ಬಳಸಿದ್ದನ್ನು ಹೇಗೆ ಕೊಡಲಿ ಎಂದು ಕ್ಷಮೆ ಕೇಳಿ ಒಂದೊಂದು ಡಬ್ಬಿ ಚಹಾಪುಡಿ ಕೊಟ್ಟರು. ಹಮಾಜಿ ಮಿನೋಬೆಗಿಂತ ಎರಡು ವರ್ಷ ದೊಡ್ಡವನು, ಅವನಿಗೆ ಅದು ಸರಿಯೇ. ನಾನು ನಿಜಕ್ಕೂ ಎರಡು ವರ್ಷ ಚಿಕ್ಕವನು. ಡಬ್ಬಿ ಹಿಡಿದು ಇಂಗು ತಿಂದ ಮಂಗನ ಹಾಗೆ ಕುಳಿತೆ.

ವಾಚು ಮಿನೋಬೆಯ ತಮ್ಮನ ಮಗನ ಕೈ ಸೇರಿತು. ಅವನು ಅದನ್ನು ಅತ್ತಿತ್ತ ತಿರುಗಿಸಿದ. "ಸ್ವಲ್ಪ ಮಂಕಾಗಿದೆ ದೊಡ್ಡಮ್ಮ. ನಾಳೆನೇ ಪಾಲಿಶ್ ಹಾಕಿಸ್ತೀನಿ, ಫಳಫಳ ಅನ್ನುತ್ತೆ."

ಪಕ್ಕದಲ್ಲಿ ಹಮಾಜಿ ನರಳಿದ. ಪಾಲಿಶ್ ಹಾಕಿದರೆ ಅಂಚೂ ಮುದ್ರೆಯೂ ಸವೆದು ಹೋಗುತ್ತವೆ. ಮಾನವೋ ಮುದ್ರೆಯೋ ಎಂದು ಯೋಚಿಸುವಷ್ಟರಲ್ಲಿ ಬಾಯಿ ತೆರೆದಾಗಿತ್ತು.

"ಕಿಯೋಎ ಅವರೇ, ನಂಗಿನ್ನೂ ಎಪ್ಪತ್ತನಾಲ್ಕು."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಆಕೆ ನೀರು ತರಲು ಎದ್ದರು. ನಾನು ಆಸ್ಪತ್ರೆಯ ವಿಮೆ ಕಾರ್ಡು ತೆಗೆದು ಮುಂದಿಟ್ಟೆ. ಹಮಾಜಿ ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಹುಟ್ಟಿದ ವರ್ಷವನ್ನು ಎರಡು ಸಲ ಓದಿದ.

"ಹದಿನೆಂಟು ವರ್ಷ ನಿನ್ನ ಮುಂದೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತಲ್ಲೋ" ಎಂದ.

ಹುಡುಗನಿಗೆ ವಾಚಿನ ಮೇಲೆ ಅಂಥ ಆಸೆಯಿರಲಿಲ್ಲ, ನಕ್ಕು ಕೆಳಗಿಟ್ಟ. ಕಿರಿಯ ಗೆಳೆಯನಾದರೆ ಅಡ್ಡಿಯಿಲ್ಲವೆಂದು ಕಿಯೋಎ ಎರಡೂ ಕೈಯಿಂದ ಅದನ್ನು ನನ್ನತ್ತ ಸರಿಸಿದರು. ಚಹಾ ಡಬ್ಬಿ ವಾಪಸು ಪಡೆದರು.

ರೈಲಿನಲ್ಲಿ ಹಮಾಜಿ ನನ್ನ ಪಕ್ಕ ಕೂರಲಿಲ್ಲ, ಎದುರು ಕುಳಿತು ಕಿಟಕಿಯಾಚೆ ನೋಡಿದ. ನಾನು ವಾಚು ತೆಗೆದೆ. ನಿಂತಿತ್ತು. ಮಿನೋಬೆ ಹೋದಮೇಲೆ ಯಾರೂ ಕೀ ಕೊಟ್ಟಿರಲಿಲ್ಲ. ಎದ್ದು ಹೋಗಿ ಹಮಾಜಿಯ ಮುಂದೆ ಸೊಂಟ ಬಗ್ಗಿಸಿದೆ.

"ಅಣ್ಣ, ಮೊದಲ ಕೀ ನೀವೇ ಕೊಡಿ."

ಅವನು ನಿಧಾನವಾಗಿ ಕೀ ಕೊಟ್ಟ, ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಮೂರು ನಿಲ್ದಾಣ ದಾಟಿದರೂ ವಾಪಸು ಕೊಡಲಿಲ್ಲ. ಕಿರಿಯನಾದ ನಾನು ಕೇಳುವ ಹಾಗಿರಲಿಲ್ಲ.