ತಿಳಿದುಹೋದ ಇಂಗ್ಲಿಷ್

ರಾಬರ್ಟ್‌ಸನ್‌ಪೇಟೆಯ ನಮ್ಮ ಮಕ್ಕಳ ಶಾಲೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಇಂಗ್ಲಿಷ್ ಟೀಚರ್ ಆಗುವವರು ಮೊದಲು ಒಂದನೇ ಕ್ಲಾಸಿಗೆ ಪಾಠ ಮಾಡಿ ತೋರಿಸಬೇಕು. ಮಕ್ಕಳ ಮನೆಯವರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಮೆಚ್ಚಿದರೆ ಕೈ ಎತ್ತಬೇಕು. ಹೆಡ್‌ಮಾಸ್ಟರ್ ಸೆಲ್ವರಾಜ್ ಮಾಡಿದ ಏರ್ಪಾಡು. ಕೂತವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇಂಗ್ಲಿಷೇ ಬಾರದು ಎಂಬುದು ಬೇರೆ ಮಾತು.

ಉರಿಗಾಂನಿಂದ ನನ್ನ ಮಗಳನ್ನು ದಿನವೂ ಕರೆತರುವ ನಮ್ಮತ್ತೆ ಮುನಿಯಮ್ಮನಿಗಂತೂ ಇಂಗ್ಲಿಷ್ ಎಂದರೆ ಭಯಭಕ್ತಿ. ಬ್ಯಾಂಕಿನಲ್ಲಿ ಯಾರಾದರೂ ಎರಡು ಮಾತು ಇಂಗ್ಲಿಷಿನಲ್ಲಿ ಆಡಿದರೆ ಸಾಕು, ಮನೆಯಲ್ಲಿ ನನ್ನ ಮೇಲೆ ಜೋರು ಮಾಡುವ ಆ ಬಾಯಿ ಮುಚ್ಚಿಹೋಗುತ್ತದೆ.

ಮೊದಲು ಬಂದವಳು ಚಂದನ. ನಾಲಿಗೆ ಹೊರಳಿಸಿ, ಮೂಗಿನಲ್ಲಿ ಎಳೆದು, ಸರಸರನೆ ಮಾತಾಡಿದಳು. ಮಕ್ಕಳು ಪಿಳಿಪಿಳಿ ನೋಡಿದವು. ನಮ್ಮ ಕೈಗಳೆಲ್ಲ ಮೇಲೆದ್ದವು, ನನ್ನದೂ ಸೇರಿ.

"ಏನ್ ಇಂಗ್ಲಿಷಮ್ಮಾ! ಒಂದೂ ತಿಳೀನಿಲ್ಲ," ಎಂದು ಅತ್ತೆ ಹೊಗಳಿದರು.

ಆಮೇಲೆ ಶ್ಯಾಮಲ. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಉಚ್ಚಾರಣೆ ಸರಿಯಿಲ್ಲವೆಂದು ಎಷ್ಟೋ ಶಾಲೆಗಳು ವಾಪಸು ಕಳಿಸಿದ್ದವಂತೆ. ಇದೂ ತಪ್ಪಿದರೆ ಟೀಚರ್ ಆಗುವ ಆಸೆಯನ್ನೇ ಬಿಡುತ್ತೇನೆ ಎಂದು ಬಾಗಿಲಲ್ಲಿ ನನ್ನೊಡನೆ ಹೇಳಿದ್ದಳು. ಕರು ಕಳೆದುಕೊಂಡ ಹಸುವಿನ ಕತೆಯನ್ನು, ಪದಪದ ಬಿಡಿಸಿ, ಕೈಸನ್ನೆ ಮಾಡುತ್ತ ಹೇಳಿದಳು. ಮಾತು ಪೂರ್ತಿ ಇಂಗ್ಲಿಷ್, ರಾಗ ಮಾತ್ರ ನಮ್ಮ ಕೋಲಾರದ್ದು. ಮಕ್ಕಳು ನಕ್ಕವು, ಅಯ್ಯೋ ಎಂದವು.

ಒಂದು ಕೈಯೂ ಏಳಲಿಲ್ಲ. ಶ್ಯಾಮಲಳ ಮುಖ ಬಾಡಿತು.

"ಇದ್ಯಾತರ ಇಂಗ್ಲಿಷು ಸಾ?" ಎಂದರು ಅತ್ತೆ. "ಕರು ಕಾಣ್ದೆ ಅಸ ಆಲು ಕೊಡ್ನಿಲ್ಲ. ಎಲ್ಲಾ ತಿಳ್ದೋಯ್ತು. ಕನ್ನಡಾನೇ ಅಲ್ವಾ?"

"ಅವರು ಒಂದೂ ಕನ್ನಡ ಪದ ಆಡಲಿಲ್ಲಮ್ಮಾ," ಎಂದರು ಸೆಲ್ವರಾಜ್.

ಅತ್ತೆ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

"ಅಂಗಾದ್ರೆ... ನಂಗೆ ತಿಳ್ದಿದ್ದು ಇಂಗ್ಲಿಷಾ?"

ಆ ಮುಖದಲ್ಲಿ ಅಂಥ ಬೆರಗನ್ನು ನಾನು ಎಂದೂ ಕಂಡಿರಲಿಲ್ಲ.

ಶ್ಯಾಮಲ ಮೆಲ್ಲಗೆ ಹತ್ತಿರ ಬಂದಳು. "ವೇರ್ ವಾಸ್ ದಿ ಕಾಫ್, ಅಮ್ಮಾ?"

ಅತ್ತೆ ಎದ್ದು ನಿಂತರು. ತುಟಿ ಎರಡು ಸಲ ಅಲುಗಿತು.

"ಡೋರು... ಬ್ಯಾಕ್ ಸೈಡು."

ಮಕ್ಕಳು "ಯೆಸ್!" ಎಂದು ಕಿರುಚಿದವು. ನಾವು ಕೈ ಎತ್ತುವ ಮೊದಲೇ ಅತ್ತೆ ಶ್ಯಾಮಲಳ ಎರಡೂ ಕೈ ಹಿಡಿದುಕೊಂಡಿದ್ದರು.

"ಈ ಮಗೀನ ಕಳಿಸ್‌ಬ್ಯಾಡಿ ಸಾ," ಎಂದರು. ಕಣ್ಣೀರು ಇಳಿಯುತ್ತಿತ್ತು. "ಇಷ್ಟು ವರ್ಸ ನಾನೇ ದಡ್ಡಿ ಅಂದ್ಕೊಂಡಿದ್ದೆ."