ಬಿಚ್ಚದ ರಜಾಯಿ

ನನ್ನ ಗಂಟಲು ದೊಡ್ಡದು. ಹೊಲಿಗೆ ವಿಭಾಗದಲ್ಲಿ ನಾನು ಗದರಿದರೆ ಕಾರಿಡಾರಿನ ಆ ತುದಿಯ ಅಡುಗೆ ವಿಭಾಗದವರು ಸೌಟು ಕೆಳಗಿಡುತ್ತಾರೆ ಎಂದು ಹುಡುಗರು ಆಡಿಕೊಳ್ಳುವುದು ನನಗೂ ಗೊತ್ತು. ಆಡಿಕೊಳ್ಳಲಿ. ನಮ್ಮ ವೃತ್ತಿ ಶಾಲೆಗೆ ಬರುವವರು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳದ ಮಕ್ಕಳು. ಮುದ್ದು ಮಾಡುತ್ತಾ ಕೂತರೆ ಸೂಜಿಗೆ ದಾರ ಪೋಣಿಸುವುದನ್ನೂ ಕಲಿಯುವುದಿಲ್ಲ.

ಆ ಚಳಿಗಾಲ ಶಿಸ್ತಿನ ಕೆಂಪು ಬಾವುಟ ವಾರ ವಾರವೂ ನಮ್ಮ ತರಗತಿಗೇ ಬರುತ್ತಿತ್ತು. ಹಾಸ್ಟೆಲಿನಲ್ಲಿ ರಜಾಯಿಯನ್ನು ತೋಫು ತುಂಡಿನ ಹಾಗೆ ಚೌಕವಾಗಿ ಮಡಿಸಿಡಬೇಕು. ಯಾರದು ಚೆಂದವೋ ಅವರ ತರಗತಿಗೆ ಬಾವುಟ. ನಮ್ಮ ಹುಡುಗರ ರಜಾಯಿಯ ಮೂಲೆ ತಾಗಿದರೆ ಕೈ ಕುಯ್ದೀತು, ಅಷ್ಟು ಚೂಪು. ನಾನಂತೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ಇದ್ದ ಕಾಟ ಒಂದೇ, ಕುವಾಂಗ್ ರೂಯಿ. ಅವನಷ್ಟು ಒಳ್ಳೆಯ ಕೈ ತರಗತಿಯಲ್ಲಿ ಇನ್ನೊಬ್ಬರಿಗಿಲ್ಲ. ಆದರೆ ಪಾಠ ಶುರುವಾಗುವುದೇ ತಡ, ತೂಕಡಿಕೆ. ಎರಡು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಮೂರನೆಯ ಸಲ ಶಿಸ್ತು ವಿಭಾಗದ ಮುಖ್ಯಸ್ಥ ಲೂ ಅವರೇ ಕಿಟಕಿಯಿಂದ ಕಂಡುಬಿಟ್ಟರು.

"ಶಿಯಾಂಗ್ ಟೀಚರ್, ಸಂಜೆ ಅವ್ರಪ್ಪಂಗೆ ಫೋನ್ ಮಾಡಿ. ಗಂಟುಮೂಟೆ ಕಟ್ಕೊಂಡು ಹೋಗ್ಲಿ."

ವಸಂತದಲ್ಲಿ ರೂಯಿಯನ್ನು ಚಾಂಗ್ಶಾ ನಗರದ ಒಳ್ಳೆಯ ದರ್ಜಿಯೊಬ್ಬರ ಹತ್ತಿರ ತರಬೇತಿಗೆ ಕಳಿಸಲು ನಾನೇ ಮಾತಾಡಿಟ್ಟಿದ್ದೆ. ಈಗ ಹೊರಬಿದ್ದರೆ ಅದಕ್ಕೂ ಕಲ್ಲು ಬಿದ್ದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಲಗುವ ಹೊತ್ತಿಗೆ ಹಾಸ್ಟೆಲಿಗೆ ನುಗ್ಗಿದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲು ತೆಗೆದವಳು ಹಾಗೇ ನಿಂತೆ.

ಹುಡುಗರು ಕೋಟು, ಟೋಪಿ ಹಾಕಿಕೊಂಡೇ ಬರೀ ಚಾಪೆಯ ಮೇಲೆ ಇಬ್ಬಿಬ್ಬರಾಗಿ ಅಂಟಿಕೊಂಡು ಮಲಗಿದ್ದರು. ರಜಾಯಿಗಳು ಕಾಲ ಬಳಿ ಸಾಲಾಗಿ, ಠೀವಿಯಾಗಿ ಕೂತಿದ್ದವು. ಬಾಗಿಲ ಪಕ್ಕದ ಹಾಸಿಗೆಯಲ್ಲಿ ರೂಯಿ ಒಬ್ಬನೇ ಮುದುಡಿಕೊಂಡಿದ್ದ. ಎಚ್ಚರವಾಗಿಯೇ ಇದ್ದ. ತುಟಿ ನೀಲಿಗಟ್ಟಿತ್ತು.

"ಏಯ್, ರಜಾಯಿ ಹೊದ್ಕೊಳ್ರೋ! ತಲೇಲಿ ಬುದ್ಧಿ ಇದ್ಯೋ ಇಲ್ವೋ?"

ಯಾರೂ ಅಲ್ಲಾಡಲಿಲ್ಲ. ನಾನೇ ರೂಯಿಯ ರಜಾಯಿಯ ಅಂಚು ಹಿಡಿದು ಎಳೆದೆ. ಅದು ಬಿಚ್ಚಲಿಲ್ಲ. ಇಟ್ಟಿಗೆಯ ಹಾಗೆ ಇಡಿಯಾಗಿ ಕೈಗೆ ಬಂತು. ತಿರುಗಿಸಿ ನೋಡಿದರೆ ಮಡಿಕೆ ಮಡಿಕೆಗೂ ಹೊಲಿಗೆ. ದಾರ ಹೊರಗೆ ಕಾಣದ ಆ ಹೊಲಿಗೆಯನ್ನು ಕಲಿಸಿದವಳು ನಾನೇ.

"ಯಾರದೋ ಈ ಘನಕಾರ್ಯ?"

"ರೂಯಿದೇ ಟೀಚರ್," ಎಂದ ದಪ್ಪ ಚೆಂಗ್. "ನಮ್ಮೆಲ್ಲರ್ದೂ ಅವ್ನೇ ಹೊಲ್ದಿದ್ದು. ದಿನಾ ಬಿಚ್ಚಿ ಮಡ್ಸೋಕೆ ಟೈಮೆಲ್ಲಿ? ಬಾವುಟ ಹೋದ್ರೆ ನೀವು ನಮ್ಮನ್ನ ಬಿಡ್ತೀರಾ?"

"ರಾತ್ರಿನೂ ಹಿಂಗೇನಾ?"

"ಹೂಂ ಟೀಚರ್," ರೂಯಿ ತಲೆ ತಗ್ಗಿಸಿದ. "ಬಾಗ್ಲು ಗಾಳಿ ಎಲ್ಲಾ ನಂಗೇ. ನಿದ್ದೆನೇ ಬರಲ್ಲ. ಕ್ಲಾಸಲ್ಲಿ ಜನ ಇರ್ತಾರಲ್ಲ, ಬೆಚ್ಚಗಿರತ್ತೆ. ಕೂತ ತಕ್ಷಣ ಕಣ್ಣು ಮುಚ್ಚೋಗತ್ತೆ."

ನನಗೆ ನಾಚಿಕೆಯಾಯಿತು. ಗೋಡೆಯ ಮೇಲಿನ ಒಂದು ತುಂಡು ಬಟ್ಟೆಗೋಸ್ಕರ ಈ ಮಕ್ಕಳು ರಜಾಯಿ ಇಟ್ಟುಕೊಂಡೇ ಚಳಿಯಲ್ಲಿ ನಡುಗಿದ್ದರು. ಆ ಗಂಟನ್ನು ಎತ್ತಿಕೊಂಡು ಸೀದಾ ಲೂ ಅವರ ಕೋಣೆಗೆ ಹೋಗಿ ಮೇಜಿನ ಮೇಲೆ ಕುಕ್ಕಿದೆ.

"ಇದನ್ನ ಸ್ವಲ್ಪ ಹೊದ್ಕೊಂಡು ತೋರ್ಸಿ ಸರ್."

ಲೂ ಎಳೆದರು, ಜಗ್ಗಿದರು, ಕನ್ನಡಕ ಹಾಕಿಕೊಂಡು ನೋಡಿದರು. "ಅಯ್ಯೋ, ರಜಾಯಿ ಹೊಲ್ದಿಟ್ಟಿದ್ದಾನಾ! ಇದು ಇನ್ನೊಂದು ತಪ್ಪಾಯ್ತು. ಇವತ್ತೇ ಕಳ್ಸಿ ಅವ್ನನ್ನ."

"ಕಳ್ಸೋಣ. ಮೊದ್ಲು ನನ್ ಜೊತೆ ಬನ್ನಿ."

ನನಗೆ ಬರೀ ಅನುಮಾನವಿತ್ತು, ಅಷ್ಟೇ. ಹಾಸ್ಟೆಲಿನಲ್ಲಿ ನಮ್ಮ ಹುಡುಗರ ಪಕ್ಕದ ಕೋಣೆ ವೆಲ್ಡಿಂಗ್ ಹುಡುಗರದು. ಲೂ ಒಂದು ರಜಾಯಿ ಎತ್ತಿದರೆ ಒಳಗೆ ಚೆಂದವಾಗಿ ಬೆಸೆದ ಕಂಬಿಯ ಚೌಕಟ್ಟು. ಅದರಾಚೆಯ ಕೋಣೆಯಲ್ಲಿ ಅಡುಗೆಯವರು ಮಾಂಸ ಸುಡುವ ಬಿದಿರು ಕಡ್ಡಿಗಳನ್ನು ನಾಲ್ಕೂ ಮೂಲೆಗೆ ಚುಚ್ಚಿ ನಿಲ್ಲಿಸಿದ್ದರು. ಲೂ ಅಲ್ಲೇ ಒಂದು ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತರು. ಹಲಗೆ ತಣ್ಣಗೆ ತಾಗಿರಬೇಕು, ತಟ್ಟನೆ ಎದ್ದರು.

"ಇಷ್ಟು ದಿನ ನಾನು ಇವಕ್ಕಾ ಬಾವುಟ ಕೊಡ್ತಾ ಇದ್ದಿದ್ದು?"

"ಹೇಳಿ ಸರ್, ಯಾರ್ಯಾರ ಅಪ್ಪಂದಿರಿಗೆ ಫೋನ್ ಮಾಡ್ಲಿ?"

ಅವರು ಒಂದು ಬಿದಿರು ಕಡ್ಡಿಯನ್ನು ಕಿತ್ತು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, "ಯಾರ್ಗೂ ಬೇಡ," ಎಂದರು. "ಆದ್ರೆ ನಿಮ್ ಬಾವುಟ ವಾಪಸ್ ಬೇಕು."

"ಅದನ್ನ ನಾನೇ ತಂದು ನಿಮ್ ಮೇಜಿನ್ ಮೇಲೆ ಹಾಕ್ತೀನಿ, ಮಾರಾಯ್ರೆ!"

ಲೂ ಅವರ ಮೇಜಿನಿಂದ ರಜಾಯಿಯನ್ನು ವಾಪಸ್ ತಂದು ರೂಯಿಯ ಕೈಗೆ ಕತ್ತರಿ ಕೊಟ್ಟೆ. ಅವನು ಹೊಲಿದಷ್ಟೇ ಚೆಂದವಾಗಿ ಬಿಚ್ಚಿದ. ರಜಾಯಿ ಉಸ್ಸೆಂದು ಹರಡಿಕೊಂಡಿತು.

"ಇನ್ನೇನು ಬೆಲ್ ಆಗತ್ತೆ ಟೀಚರ್."

"ಆಗ್ಲಿ ಬಿಡೋ. ಮಲ್ಕೋ ನೀನು."

ಬೆಲ್ಲು ಬಾರಿಸಿದಾಗ ಅವನು ಕದಲಲೂ ಇಲ್ಲ. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಹೋದ ಚೆಂಗ್‌ನ ಕಿವಿ ಹಿಡಿದು, ನನಗೇ ಗುರುತು ಸಿಗದಷ್ಟು ಸಣ್ಣ ದನಿಯಲ್ಲಿ, "ಮುಟ್ಟಿದ್ರೆ ನೋಡು" ಎಂದೆ. ಹುಡುಗರು ಷೂ ಕೈಯಲ್ಲಿ ಹಿಡಿದು ಹೊರಗೆ ಬಂದರು.

ತರಗತಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಹಾಜರಿ ಕೂಗುತ್ತಾ ಕುವಾಂಗ್ ರೂಯಿ ಎಂಬ ಹೆಸರಿಗೆ ಬಂದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು.

"ಇದ್ದಾನೆ," ಎಂದು ನಾನೇ ಹೇಳಿ ಮುಂದಿನ ಹೆಸರು ಕೂಗಿದೆ.