ಹುಣಸೆಹುಳಿಯಲ್ಲಿ ತೊಳೆದುಹೋದ ರಾಜ್ಯ

ನಾನೊಂದು ಆರು ಕ್ರೂಟ್ಸರ್ ನಾಣ್ಯ. ಮೈಯಲ್ಲಿ ಬೆಳ್ಳಿಗಿಂತ ತಾಮ್ರವೇ ಹೆಚ್ಚು. ಜರ್ಮನಿ ಇನ್ನೂ ಒಂದಾಗದೆ ಹತ್ತಾರು ರಾಜ್ಯಗಳಾಗಿದ್ದಾಗ, ವ್ಯುರ್ಟೆಂಬರ್ಗ್ ರಾಜ್ಯದ ಟಂಕಸಾಲೆಯಲ್ಲಿ ಹುಟ್ಟಿದೆ. ಅಚ್ಚು ಒಮ್ಮೆ ಬಡಿಯಿತು. ಎದೆಯ ಮೇಲೆ ಗುರಾಣಿ ಮೂಡಿತು, ಗುರಾಣಿಯಲ್ಲಿ ಜಿಂಕೆಯ ಕೊಂಬು, ಸಿಂಹ, ಮೇಲೊಂದು ಕಿರೀಟ. ನೆರೆಯ ಬಾಡೆನ್ ರಾಜ್ಯದಲ್ಲೂ ನನ್ನಷ್ಟೇ ಅಗಲದ ನಾಣ್ಯ ಹುಟ್ಟುತ್ತಿತ್ತು. ಅದರ ಗುರಾಣಿಯಲ್ಲಿ ಕೊಂಬಿಲ್ಲ, ಒಂದು ಓರೆ ಪಟ್ಟಿ.

ಮಾರ್ಟಿನ್ ಎಂಬ ಯುವಕನ ಜೇಬಿನಲ್ಲಿ ಕಡಲು ದಾಟಿ ಮಂಗಳೂರಿಗೆ ಬಂದೆ. ಅವನು ನೇಯ್ಗೆ ಕಾರ್ಖಾನೆಯ ಮೇಲ್ವಿಚಾರಕ. ಅಲ್ಲಿ ನೂಲು ಸುತ್ತುತ್ತಿದ್ದ ಹೆಣ್ಣಿಗೆ ಅವನಿಂದ ಮಗುವಾಯಿತು. ಅವನ ಹೆಸರು ಹೇಳದೆಯೇ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಮಾರ್ಟಿನ್ ನನಗೆ ತೂತು ಕೊರೆದು, ಕಪ್ಪು ನೂಲಿಗೆ ಪೋಣಿಸಿ, ಯಾರೂ ನೋಡದಾಗ ಕೂಸಿನ ಕೊರಳಿಗೆ ಕಟ್ಟಿದ. ಆ ಮಳೆಗಾಲದ ಜ್ವರ ಅವನನ್ನು ಕೊಂದಿತು. ಅವನನ್ನು ಬಿಟ್ಟರೆ ಕಾರ್ಖಾನೆಯಲ್ಲಿದ್ದ ಒಬ್ಬನೇ ಜರ್ಮನ್, ಬಾಡೆನ್‌ನ ಯಾಕೋಬನನ್ನೂ ಕೊಂದಿತು. ಸ್ಮಶಾನದಲ್ಲಿ ದಾರಿಯ ಮೇಲ್ಬದಿಗೆ ಮಾರ್ಟಿನ್, ಕೆಳಬದಿಗೆ ಯಾಕೋಬ್. ಕಲ್ಲಿನ ಮೇಲೆ ಇಬ್ಬರ ಹೆಸರೂ ರಾಜ್ಯವೂ ಉಂಟು.

ಅನಾಥಾಲಯದಲ್ಲಿ ಬೆಳೆದ ಆ ಕೂಸು ನನ್ನನ್ನು ಮಗಳಿಗೆ ಕೊಟ್ಟಿತು. ಮಗಳು ತನ್ನ ಮಗಳು ದಯಾಮಣಿಗೆ. ಮೂರು ಎದೆಗಳ ಮೇಲೆ ಮಲಗಿ ಸಂಜೆಯ ಕೀರ್ತನೆಗಳನ್ನು ಕೇಳಿದೆ. ಪ್ರತಿ ಕ್ರಿಸ್ಮಸ್‌ಗೆ ಮೊದಲು ದೀಪ, ಹರಿವಾಣಗಳ ಜೊತೆ ನನಗೂ ಹುಣಸೆಹುಳಿ, ಬೂದಿ, ತೆಂಗಿನ ನಾರು. ಅಜ್ಜನ ಗುರುತು ಹೊಳೆಯಬೇಕಲ್ಲ. ಮೊದಲು ಅಂಚಿನ ಅಕ್ಷರಗಳು ಹೋದವು. ಆಮೇಲೆ ಸಿಂಹ. ಕೊನೆಗೆ ಕೊಂಬು.

ದಯಾಮಣಿಬಾಯಿಗೆ ವಯಸ್ಸಾಗಿ ಕಾಲು ಬಾತುಕೊಂಡಿತು. ಉಳಿದದ್ದು ಒಂದೇ ಆಸೆ: ಆ ಇಬ್ಬರು ಜರ್ಮನರ ಗೋರಿಗಳಲ್ಲಿ ತನ್ನ ಮುತ್ತಜ್ಜನದು ಯಾವುದೆಂದು ನನ್ನ ಮೇಲಿನ ರಾಜ್ಯದ ಗುರುತಿನಿಂದ ತಿಳಿದು, ಅದರ ಪಕ್ಕ ಮಲಗಬೇಕು. ಹಳೆಯ ನಾಣ್ಯ ಬಲ್ಲ ವಾಮನ ಕಾಮತರ ಬಳಿಗೆ ನನ್ನನ್ನು ಒಯ್ದಳು. ಅವರು ಭೂತಗನ್ನಡಿ ಹಿಡಿದು ನನ್ನ ಎರಡೂ ಮುಖಗಳನ್ನು ತಿರುವಿ ನೋಡಿದರು.

"ಕಿರೀಟ ಉಳಿಸಿದ್ದೀರಿ. ರಾಜ್ಯವನ್ನೇ ತೊಳೆದುಬಿಟ್ಟಿದ್ದೀರಲ್ಲ ಮಾರಾಯ್ರೆ."

"ಕೊಳೆ ಹಿಡಿದರೆ ಅಜ್ಜನಿಗೆ ಅವಮಾನ ಅಂತ ನನ್ನಮ್ಮ ಹೇಳ್ತಿದ್ರು."

"ಕೊಳೆ ಇದ್ದಿದ್ದರೆ ಅಜ್ಜನೂ ಇರ್ತಿದ್ದ, ಬಾಯಿ. ನಾಣ್ಯವನ್ನು ಕಾಯುವುದೇ ಕೊಳೆ."

ಅವಳು ಸೆರಗಿನ ತುದಿ ಹಿಂಡಿಕೊಂಡಳು. "ಏನೂ ಕಾಣುವುದಿಲ್ವಾ ಕಾಮತರೇ? ಸರಿಯಾಗಿ ನೋಡಿ."

ಕಾಮತರು ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. "ತಡೀರಿ. ಗುರಾಣಿಯಲ್ಲಿ ಒಂದು ಓರೆ ಗೆರೆ ಉಂಟು. ಹಾಗಾದರೆ ಇದು ಬಾಡೆನ್."

"ಯಾಕೋಬಜ್ಜ," ಎಂದಳು ದಯಾಮಣಿಬಾಯಿ. ಹುಟ್ಟಿದಂದಿನಿಂದ ಕೂಡಿಟ್ಟ ಮಾತಿನಂತೆ ಅಂದಳು.

ಆ ಗೆರೆ ಅಚ್ಚಿನದಲ್ಲ. ಬೂದಿಯಲ್ಲಿದ್ದ ಒಂದು ಮರಳಿನ ಹರಳಿನದು. ಉಜ್ಜಿದ ಕೈ ಅವಳದೇ. ನನಗೆ ಗೊತ್ತಿತ್ತು. ಹೇಳಬೇಕಾದ ಬಾಯಿ ಸವೆದುಹೋಗಿತ್ತು.

ಅಂದಿನಿಂದ ಪ್ರತಿ ಭಾನುವಾರ ಯಾಕೋಬನ ಕಲ್ಲಿಗೆ ಕನಕಾಂಬರ. ಜಡಿಮಳೆಯ ಆಟಿ ತಿಂಗಳಲ್ಲಿ ಅವಳು ತೀರಿಕೊಂಡಾಗ, ಅವಳು ಕೇಳಿಕೊಂಡಂತೆಯೇ, ಚರ್ಚಿನ ಸಭೆಯವರು ಯಾಕೋಬನ ಪಕ್ಕದಲ್ಲೇ ಮಣ್ಣು ಮಾಡಿದರು. ನಾನು ಅವಳ ಕೊರಳಲ್ಲೇ ಇದ್ದೇನೆ.

ಕಾಮತರು ಹೇಳಿದ ಕೊಳೆ ಈಗ ನನ್ನ ಮೇಲೆ ದಪ್ಪಗೆ ಕೂತಿದೆ. ಕಾಯಲು ಏನೂ ಉಳಿದಿಲ್ಲ. ಮಳೆ ಜೋರಾದಾಗ ಮೇಲ್ಬದಿಯ ನೀರು ದಾರಿ ದಾಟಿ ಕೆಳಗಿಳಿಯುತ್ತದೆ. ಮಾರ್ಟಿನ್‌ನಿಂದ ಅವಳಿಗೆ ಬರುವುದು ಅಷ್ಟೇ.